ಚಿತ್ರದಲ್ಲಿ ಗೊತ್ತಾಗುವ ಹಕ್ಕಿ ಕೆರೆ ದಂಡೆಯಲ್ಲಿ ಯಾಕೆ ಗೊತ್ತಾಗುವುದಿಲ್ಲ?

ಬೆಟಗೇರಿ ಟೀಚರ್ · ಗದಗ · ಡಿಸೆಂಬರ್ 28, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹಕ್ಕಿ ನೋಡಲು ಶುರು ಮಾಡಿ ಇನ್ನೂ ವರ್ಷ ತುಂಬಿಲ್ಲ.

ಮಳೆಗಾಲದಲ್ಲಿ ಹೊರಗೆ ಹೋಗಲು ಆಗಲಿಲ್ಲ. ಅದಕ್ಕೆ ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಚಿತ್ರ ನೋಡಿ ಹಕ್ಕಿ ಗುರುತಿಸುವ ಅಭ್ಯಾಸ ಇಟ್ಟುಕೊಂಡೆ. ಹಕ್ಕಿ ನೋಡುವವರು ಕಂಡದ್ದನ್ನು ಪಟ್ಟಿ ಮಾಡಿಡುವ ಇ-ಬರ್ಡ್ ಜಾಲತಾಣದಲ್ಲಿ ಚಿತ್ರಗಳ ಕ್ವಿಜ್ ಇದೆ. ಜಾಗ, ತಾರೀಖು ಕೊಟ್ಟರೆ ಆ ಕಡೆ ಆ ಸಮಯಕ್ಕೆ ಕಾಣುವ ಹಕ್ಕಿಗಳ 20 ಚಿತ್ರ ಬರುತ್ತವೆ. ಪ್ರತಿ ಚಿತ್ರಕ್ಕೆ ಕೆಲವು ಹೆಸರು ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ಮೊದಮೊದಲು 20ಕ್ಕೆ 8 ಬರುತ್ತಿತ್ತು. ನವೆಂಬರ್ ಹೊತ್ತಿಗೆ 17, 18 ಬರತೊಡಗಿತು. ತುಂಬಾ ಖುಷಿಯಲ್ಲಿದ್ದೆ.

ಹೋದ ರವಿವಾರ ಮಾಗಡಿ ಕೆರೆಗೆ ಹೋಗಿದ್ದೆ. ನಮ್ಮ ಶಿರಹಟ್ಟಿ ಕಡೆಯ ಕೆರೆ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು. ಪಟ್ಟೆ ತಲೆಯ ಹೆಬ್ಬಾತು ಗುರುತು ಸಿಕ್ಕಿತು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇದ್ದರೆ ಯಾರಿಗಾದರೂ ಸಿಗುತ್ತದೆ. ಆದರೆ ಅದೇ ಹಿಂಡಿನಲ್ಲಿ ಕೆಲವಕ್ಕೆ ಪಟ್ಟೆಯೇ ಇರಲಿಲ್ಲ. ನೀರಿನ ನಡುವೆ ಕಂದು ಬಾತುಗಳ ದೊಡ್ಡ ಗುಂಪು, ಎಲ್ಲವೂ ಕೊಕ್ಕನ್ನು ಬೆನ್ನಿನ ಪುಕ್ಕದಲ್ಲಿ ಸಿಕ್ಕಿಸಿಕೊಂಡು ಮಲಗಿದ್ದವು. ದಂಡೆಯ ಮೇಲೆ ಓಡಾಡುವ ಸಣ್ಣ ಗೊರವಗಳು. ಒಂದಕ್ಕೂ ಧೈರ್ಯವಾಗಿ ಹೆಸರು ಹೇಳಲು ಆಗಲಿಲ್ಲ. ಜೊತೆಗೆ ಬಂದಿದ್ದ ನಾಲ್ಕು ಮಕ್ಕಳು ನನ್ನ ಮುಖ ನೋಡುತ್ತಿದ್ದರು.

ಮನೆಗೆ ಬಂದು ಮತ್ತೆ ಕ್ವಿಜ್ ಮಾಡಿದೆ. 18 ಬಂತು. ಹಾಗಾದರೆ ಇಷ್ಟು ದಿನ ನಾನು ಕಲಿತದ್ದು ಏನು? ನೀವೆಲ್ಲ ಹೇಗೆ ಅಭ್ಯಾಸ ಮಾಡುತ್ತೀರಿ, ದಯವಿಟ್ಟು ಹೇಳಿ.

ಉಣಕಲ್ ಬೆಳಗು · ಹುಬ್ಬಳ್ಳಿ · ಡಿಸೆಂಬರ್ 28, ರಾತ್ರಿ 10.15

ಅಕ್ಕೋರೇ, ಇದರಲ್ಲಿ ನಮ್ಮಂಥ ಕ್ಯಾಮೆರಾದವರ ಪಾಲು ದೊಡ್ಡದು. ನಾನು ಒಂದು ಬೆಳಗ್ಗೆ 300 ಫೋಟೋ ತೆಗೆದರೆ ಇಟ್ಟುಕೊಳ್ಳುವುದು ಹತ್ತು. ಕಣ್ಣಲ್ಲಿ ಹೊಳಪು ಬಂದಿರಬೇಕು, ಹಕ್ಕಿ ಬದಿಯಿಂದ ಕಾಣಬೇಕು, ಕೊಂಬೆ ಅಡ್ಡ ಇರಬಾರದು. ಬಣ್ಣ ತುಂಬಿದ ಗಂಡು ಹಕ್ಕಿ ಆದರೆ ಇನ್ನೂ ಒಳ್ಳೆಯದು. ಎಲ್ಲರೂ ಹಾಕುವುದು ಅಂಥದ್ದನ್ನೇ. ಕೆರೆಗೆ ಹೋದರೆ ನಿಮಗೆ ಕಾಣುವುದು ನಾವು ಅಳಿಸಿ ಹಾಕಿದ ಆ 290.

ಹೋದ ವರ್ಷದಿಂದ ನಾನು ಕೆಟ್ಟ ಫೋಟೋ ಅಳಿಸುವುದನ್ನು ಬಿಟ್ಟಿದ್ದೇನೆ. ಒಂದೊಂದು ಹಕ್ಕಿಗೆ ಒಂದು ಫೋಲ್ಡರ್. ಅದರಲ್ಲಿ ಬೆನ್ನು ಕಾಣುವುದು, ಹಾರುವುದು, ದೂರದ್ದು, ಸೂರ್ಯನಿಗೆ ಎದುರಾಗಿ ಬರೀ ಕಪ್ಪು ನೆರಳಾಗಿ ಬಂದದ್ದು, ಎಲ್ಲ ಇವೆ. ನಾನು ಅಭ್ಯಾಸ ಮಾಡುವುದು ಅವುಗಳ ಮೇಲೇ. ಬೇಕಾದರೆ ಇಲ್ಲಿ ಹಾಕುತ್ತೇನೆ.

ಪಟ್ಟೆ ಇಲ್ಲದ ಹೆಬ್ಬಾತುಗಳು ಈ ವರ್ಷ ಹುಟ್ಟಿದ ಮರಿಗಳು. ನೆತ್ತಿಯಿಂದ ಕುತ್ತಿಗೆ ಹಿಂಭಾಗದ ತನಕ ಒಂದೇ ಗಾಢ ಬಣ್ಣ ಇರುತ್ತದೆ. ಮುಂದಿನ ಸಲ ನೋಡಿ, ಅಪ್ಪ ಅಮ್ಮನ ಪಕ್ಕದಲ್ಲೇ ಮೇಯುತ್ತಿರುತ್ತವೆ.

ಹೆಗ್ಗೇರಿ · ಹಾವೇರಿ · ಡಿಸೆಂಬರ್ 28, ರಾತ್ರಿ 10.50

ಟೀಚರ್, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಅಣ್ಣ ಹೇಳಿದ್ದು ಸರಿ. ಆದರೆ ಕ್ವಿಜ್‌ನಲ್ಲಿ ಮಸುಕಾದ ಚಿತ್ರಗಳೂ ಬರುತ್ತವೆ ಅಲ್ವಾ? ನನಗೆ ಅನ್ನಿಸುವ ಕಾರಣ ಬೇರೆ. ಅಲ್ಲಿ ಹೆಸರು ಅವರೇ ಕೊಟ್ಟಿರುತ್ತಾರೆ. ಐದರಲ್ಲಿ ಮೂರು ಆಗಲ್ಲ ಅಂತ ಗೊತ್ತಾದರೆ ಸಾಕು, ಉತ್ತರ ಹತ್ತಿರ ಬಂದುಬಿಡುತ್ತದೆ. ಕೆರೆ ದಂಡೆಯಲ್ಲಿ ಯಾರೂ ಹೆಸರು ಮುಂದಿಡುವುದಿಲ್ಲ. ನಾವೇ ತಲೆಯೊಳಗಿಂದ ತೆಗೆಯಬೇಕು.

ನಾನು ಈಗ ಪರದೆಯ ಕೆಳಭಾಗದ ಮೇಲೆ ಒಂದು ರಟ್ಟಿನ ತುಂಡು ಇಡುತ್ತೇನೆ. ಹೆಸರು ಕಾಣಬಾರದು. ಮೊದಲು ನನ್ನ ಉತ್ತರ ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ರಟ್ಟು ತೆಗೆಯುತ್ತೇನೆ. ಹೀಗೆ ಮಾಡಿದ ಮೊದಲ ದಿನ ನನ್ನ ಅಂಕ 19ರಿಂದ 11ಕ್ಕೆ ಇಳಿಯಿತು. ಆ 11 ನಿಜವಾಗಿ ನನ್ನದು.

ಕೆಲಗೇರಿ ಕಾಕಾ · ಧಾರವಾಡ · ಡಿಸೆಂಬರ್ 29, ಬೆಳಗ್ಗೆ 6.05

ಅಕ್ಕೋರಿಗೆ ನಮಸ್ಕಾರ. ನಾನು ನಿವೃತ್ತ. ಕೆಲಗೇರಿ ಕೆರೆ ಸುತ್ತ, ಕೃಷಿ ವಿಶ್ವವಿದ್ಯಾಲಯದ ಹೊಲಗಳ ಸುತ್ತ ಮೂವತ್ತು ವರ್ಷದಿಂದ ನಡೆಯುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ವಿಷಯ ನನಗೆ ಬಹಳ ಪ್ರೀತಿಯದು.

ನನ್ನ ಒಂದೇ ಬೇಡಿಕೆ. ಹೆಸರು ಹೇಳುವ ಮೊದಲು ಕಾರಣ ಬರೆಯಿರಿ. ಚಿತ್ರವನ್ನು ಐದು ಸೆಕೆಂಡು ನೋಡಿ. ಫೋನು ಬೋರಲು ಹಾಕಿ. ಈಗ ಏನು ಕಂಡಿರಿ ಅಂತ ಬರೆಯಿರಿ. ಹಕ್ಕಿ ಐದು ಸೆಕೆಂಡಿಗಿಂತ ಜಾಸ್ತಿ ಹೊತ್ತು ನಿಮ್ಮೆದುರು ನಿಲ್ಲುವುದು ಅಪರೂಪ, ಅದಕ್ಕೆ ಐದು ಸೆಕೆಂಡು. ಮೊದಲ ದಿನ ನಿಮಗೇ ಆಶ್ಚರ್ಯ ಆಗುತ್ತದೆ. ಕಾಲಿನ ಬಣ್ಣ ಏನಿತ್ತು? ನೆನಪಿಲ್ಲ. ಬಾಲ ರೆಕ್ಕೆಗಿಂತ ಉದ್ದವೋ ಗಿಡ್ಡವೋ? ನೆನಪಿಲ್ಲ. ಎದೆ ಹಳದಿ ಇತ್ತು ಅಂತ ಮಾತ್ರ ನೆನಪಿರುತ್ತದೆ.

ನಾನು ನೋಡುವ ಕ್ರಮ ಹೀಗೆ. ಮೊದಲು ಕೊಕ್ಕು. ಆಮೇಲೆ ಕಾಲು. ಆಮೇಲೆ ಕಣ್ಣಿನ ಸುತ್ತ, ಹುಬ್ಬು, ಅಂದರೆ ಕಣ್ಣಿನ ಮೇಲಿನ ತಿಳಿ ಗೆರೆ, ಇದೆಯೋ ಇಲ್ಲವೋ, ಇದ್ದರೆ ಎಲ್ಲಿಗೆ ನಿಲ್ಲುತ್ತದೆ. ಆಮೇಲೆ ಬಾಲ. ಬಣ್ಣ ಕಡೆಗೆ. ಬಣ್ಣವನ್ನು ನಂಬಿ ನಾನು ಎಷ್ಟೋ ವರ್ಷ ತಪ್ಪು ಬರೆದಿದ್ದೇನೆ. ಬೆಳಗಿನ ಬಿಸಿಲಲ್ಲಿ ಬೂದು ಬಣ್ಣ ಕಂದಾಗುತ್ತದೆ, ಕೆಸರಲ್ಲಿ ನಿಂತು ಬಂದ ಹಕ್ಕಿಯ ಕಾಲಿಗೆ ಕೆಸರಿನದೇ ಬಣ್ಣ.

ಬೆಳ್ಳಕ್ಕಿ ತೆಗೆದುಕೊಳ್ಳಿ. ಎಲ್ಲವೂ ಬಿಳಿ, ಆದ್ದರಿಂದ ಮೈ ಬಣ್ಣ ಅಲ್ಲಿ ಕೆಲಸಕ್ಕೆ ಬಾರದು. ಅದಕ್ಕೇ ನಾನು ಹೊಸಬರಿಗೆ ಬೆಳ್ಳಕ್ಕಿಯಿಂದಲೇ ಶುರು ಮಾಡಿಸುತ್ತೇನೆ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಇದ್ದರೆ ಸಣ್ಣ ಬೆಳ್ಳಕ್ಕಿ. ಕುತ್ತಿಗೆ ಗಿಡ್ಡ, ಕೊಕ್ಕು ಗಿಡ್ಡ ಹಳದಿ, ಎಮ್ಮೆ ದನದ ಹಿಂದೆ ಓಡುತ್ತಿದ್ದರೆ ಗೋವಕ್ಕಿ. ಕಷ್ಟ ಇರುವುದು ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಯಲ್ಲಿ. ಎರಡಕ್ಕೂ ಈಗ ಚಳಿಗಾಲದಲ್ಲಿ ಕೊಕ್ಕು ಹಳದಿ, ಕಾಲು ಕಪ್ಪು. ಬಾಯಿಯ ಗೆರೆ ನೋಡಿ. ಗೆರೆ ಕಣ್ಣಿನ ಕೆಳಗೆ ನಿಂತರೆ ಮಧ್ಯಮ, ಕಣ್ಣು ದಾಟಿ ಹಿಂದಕ್ಕೆ ಹೋದರೆ ದೊಡ್ಡದು. ಇದನ್ನು ಕಲಿಯಲು ಚಿತ್ರದಷ್ಟು ಒಳ್ಳೆಯ ಗುರು ಇಲ್ಲ. ದೂರದರ್ಶಕದಲ್ಲಿ ಅಷ್ಟು ಹೊತ್ತು ಕೈ ಅಲುಗದೆ ನೋಡಲು ಆಗುವುದಿಲ್ಲ.

ಕಾಜಾಣವೂ ಹಾಗೇ. ತಂತಿ ಮೇಲೆ ಕೂತ ಕಪ್ಪು ಹಕ್ಕಿ, ಬಾಲ ಕವಲು, ಅಂದರೆ ಕಾಜಾಣ ಅಂತ ಬರೆದುಬಿಡುತ್ತೇವೆ. ಚಳಿಗಾಲಕ್ಕೆ ಬೂದು ಕಾಜಾಣವೂ ನಮ್ಮ ಕಡೆ ಬರುತ್ತದೆ. ಅದರ ಕಣ್ಣು ಕಡು ಕೆಂಪು, ಮೈ ಸೀಸದ ಬಣ್ಣ. ಊರ ಕಾಜಾಣಕ್ಕೆ ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ. ಆ ಚುಕ್ಕೆ ಹುಡುಕಲು ಒಂದು ವಾರ ಬರೀ ಕಾಜಾಣದ ಚಿತ್ರ ನೋಡಿ. ಇಪ್ಪತ್ತು ಬೇರೆ ಬೇರೆ ಹಕ್ಕಿ ಒಂದೇ ರಾತ್ರಿ ನೋಡುವುದಕ್ಕಿಂತ ಒಂದೇ ಹಕ್ಕಿಯ ಇಪ್ಪತ್ತು ಚಿತ್ರ ನೋಡುವುದು ಹೆಚ್ಚು ಕಲಿಸುತ್ತದೆ. ಇದು ನನ್ನ ಅನುಭವದ ಮಾತು.

ಎರೆಹೊಲ · ನವಲಗುಂದ · ಡಿಸೆಂಬರ್ 29, ಮಧ್ಯಾಹ್ನ 1.30

ಕಾಕಾ ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಚಿತ್ರದ ಮೇಲೆ ನನಗೆ ಇಷ್ಟು ನಂಬಿಕೆ ಇಲ್ಲ. ನಾನು ಒಕ್ಕಲಿಗ. ಜೋಳ, ಕಡಲೆ ಬೆಳೆಯುತ್ತೇನೆ. ಹೊಲದಲ್ಲಿ ಹಕ್ಕಿ ಗುರುತು ಸಿಗುವುದು ಅದು ಹಾರುವ ರೀತಿಯಿಂದ, ಕೂರುವ ರೀತಿಯಿಂದ. ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ಗಾಳಿಯಲ್ಲಿ ನಿಂತರೆ ಅದು ಎರಡು ಮೂರು ಹಕ್ಕಿಯಲ್ಲಿ ಒಂದು. ತೆನೆಗಳ ಮೇಲೆ ಒಂದು ಮಾರು ಎತ್ತರದಲ್ಲಿ, ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿ, ಆ ಕಡೆ ಈ ಕಡೆ ತೂಗುತ್ತಾ ಬಂದರೆ ಸೆಳೆವ, ಇಂಗ್ಲಿಷಿನಲ್ಲಿ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿ. ಇದು ಯಾವ ಚಿತ್ರದಲ್ಲಿದೆ?

ಇನ್ನೊಂದು, ಅಳತೆ. ಚಿತ್ರದಲ್ಲಿ ಗುಬ್ಬಿಯೂ ಪರದೆ ತುಂಬುತ್ತದೆ, ಹದ್ದೂ ಪರದೆ ತುಂಬುತ್ತದೆ. ನಮ್ಮ ಊರಿನ ಒಬ್ಬ ಹುಡುಗ ಚಿತ್ರ ನೋಡಿಯೇ ಕಲಿತವನು. ಕಣ್ಣೆದುರು ಚಂದ್ರಮುಕುಟ ಬಂದು ಕೂತಾಗ "ಇಷ್ಟು ಸಣ್ಣದಾ?" ಅಂದ.

ಉಣಕಲ್ ಬೆಳಗು · ಹುಬ್ಬಳ್ಳಿ · ಡಿಸೆಂಬರ್ 29, ಮಧ್ಯಾಹ್ನ 2.10

ಅಳತೆಯ ಮಾತು ನೂರಕ್ಕೆ ನೂರು ನಿಜ ಅಣ್ಣಾ. ಅದಕ್ಕೆ ನಾನು ಈಗ ಹಕ್ಕಿಯನ್ನು ತುಂಬಾ ಕತ್ತರಿಸಿ ದೊಡ್ಡದು ಮಾಡುವುದಿಲ್ಲ. ತಂತಿ, ತೆನೆ, ಎಮ್ಮೆ, ಪಕ್ಕದ ಹಕ್ಕಿ, ಏನಾದರೂ ಒಂದು ಚಿತ್ರದಲ್ಲಿ ಉಳಿಯಲಿ ಅಂತ ಬಿಡುತ್ತೇನೆ.

ಕೆಲಗೇರಿ ಕಾಕಾ · ಧಾರವಾಡ · ಡಿಸೆಂಬರ್ 29, ಸಂಜೆ 5.20

ಎರೆಹೊಲ ಅವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ನಿಮಗೆ ಹೊಲವೇ ಶಾಲೆ. ಗದಗಿನ ಅಕ್ಕೋರಿಗೆ ವಾರಕ್ಕೆ ಒಂದು ರವಿವಾರ ಸಿಗುತ್ತದೆ. ಉಳಿದ ಆರು ದಿನ ಚಿತ್ರ ಬೇಕೇ ಬೇಕು. ಅಳತೆಗೆ ನಾನು ಹಳೆಯ ಪದ್ಧತಿ ಇಟ್ಟುಕೊಂಡಿದ್ದೇನೆ. ಗುಬ್ಬಿ, ಪಿಕಳಾರ, ಗೊರವಂಕ, ಕಾಗೆ, ಹದ್ದು. ಯಾವ ಹಕ್ಕಿಯ ಚಿತ್ರ ನೋಡಿದರೂ ಪಕ್ಕದಲ್ಲಿ "ಪಿಕಳಾರಕ್ಕಿಂತ ದೊಡ್ಡದು, ಗೊರವಂಕದಷ್ಟಿಲ್ಲ" ಅಂತ ಬರೆದುಕೊಳ್ಳಬೇಕು. ಇದು ಪುಸ್ತಕ ನೋಡಿ ಬರೆಯುವುದಾದರೂ ಪರವಾಗಿಲ್ಲ, ಬರೆದದ್ದು ನೆನಪಿರುತ್ತದೆ.

ಉಣಕಲ್ ಬೆಳಗು · ಹುಬ್ಬಳ್ಳಿ · ಜನವರಿ 2, ರಾತ್ರಿ 8.30

ಮಾತು ಕೊಟ್ಟಂತೆ ಒಂದು ಕೆಟ್ಟ ಚಿತ್ರ ಹಾಕಿದ್ದೇನೆ. ಉಣಕಲ್ ಕೆರೆ, ಬೆಳಗ್ಗೆ 7 ಗಂಟೆ. ಕೆಸರಲ್ಲಿ ಒಂದು ಗೊರವ, ಮುಕ್ಕಾಲು ಭಾಗ ಬೆನ್ನು ಕಾಣುತ್ತದೆ, ಮುಖ ಸ್ವಲ್ಪ ಎಡಕ್ಕೆ ತಿರುಗಿದೆ. ಕಾಲು ಅರ್ಧ ನೀರಲ್ಲಿ. ಕಾಕಾ ಹೇಳಿದ ಹಾಗೆ ಕಾರಣ ಬರೆದು ಆಮೇಲೆ ಹೆಸರು.

ಬೆಟಗೇರಿ ಟೀಚರ್ · ಗದಗ · ಜನವರಿ 2, ರಾತ್ರಿ 9.15

ಐದು ಸೆಕೆಂಡು ನೋಡಿ ಬರೆದದ್ದು: ಕೊಕ್ಕು ನೇರ, ತಲೆಗಿಂತ ಸ್ವಲ್ಪ ಉದ್ದ. ಕಾಲು ಹಳದಿ. ಬೆನ್ನು ಕಂದು, ಬಿಳಿ ಚುಕ್ಕೆ ಇವೆ. ಕಾಲು ಹಳದಿ ಇರುವುದರಿಂದ ವುಡ್ ಸ್ಯಾಂಡ್‌ಪೈಪರ್ ಎಂಬ ಗೊರವ ಅನ್ನುತ್ತೇನೆ.

ಹೆಗ್ಗೇರಿ · ಹಾವೇರಿ · ಜನವರಿ 2, ರಾತ್ರಿ 9.40

ಮೊದಲು ಕಾಮನ್ ಸ್ಯಾಂಡ್‌ಪೈಪರ್ ಅಲ್ಲ ಅಂತ ಬರೆಯುತ್ತೇನೆ. ಅದಾಗಿದ್ದರೆ ಎದೆಯ ಬದಿಯಿಂದ ಭುಜದ ಮುಂದೆ ಒಂದು ಬಿಳಿ ಬಣ್ಣ ಮೇಲಕ್ಕೆ ಚುಚ್ಚಿದ ಹಾಗೆ ಕಾಣಬೇಕಿತ್ತು, ಬಾಲವೂ ರೆಕ್ಕೆ ದಾಟಿ ಉದ್ದ ಇರಬೇಕಿತ್ತು. ಇಲ್ಲಿ ಎರಡೂ ಇಲ್ಲ. ಉಳಿದದ್ದು ವುಡ್ ಅಥವಾ ಗ್ರೀನ್ ಸ್ಯಾಂಡ್‌ಪೈಪರ್. ಹುಬ್ಬು ಕಣ್ಣಿನ ತನಕ ಬಂದು ನಿಂತ ಹಾಗೆ ಕಾಣುತ್ತದೆ. ವುಡ್ ಆದರೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಹೋಗಬೇಕು. ನಾನು ಗ್ರೀನ್ ಅನ್ನುತ್ತೇನೆ, ಆದರೆ ಪೂರ್ತಿ ಧೈರ್ಯ ಇಲ್ಲ.

ಎರೆಹೊಲ · ನವಲಗುಂದ · ಜನವರಿ 2, ರಾತ್ರಿ 10.05

ಹಾರುವಾಗ ನೋಡಿದ್ದರೆ ಒಂದು ಕ್ಷಣದಲ್ಲಿ ಹೇಳುತ್ತಿದ್ದೆ.

ಕೆಲಗೇರಿ ಕಾಕಾ · ಧಾರವಾಡ · ಜನವರಿ 3, ಬೆಳಗ್ಗೆ 6.10

ಅಕ್ಕೋರೇ, ನೀವು ಕಾರಣ ಬರೆದಿದ್ದರಿಂದ ಎಲ್ಲಿ ಜಾರಿದಿರಿ ಅಂತ ಗೊತ್ತಾಯಿತು. ಬರೀ ಹೆಸರು ಬರೆದಿದ್ದರೆ ನಾನು "ಅಲ್ಲ" ಅಂತ ಮಾತ್ರ ಹೇಳಬೇಕಾಗುತ್ತಿತ್ತು. ಕಾಲು ಹಳದಿ ಕಂಡದ್ದು ಬೆಳಗಿನ ಬಿಸಿಲು. ಅದೇ ಚಿತ್ರದಲ್ಲಿ ಕೆಸರೂ ಹಳದಿಯಾಗಿದೆ, ಪಕ್ಕದ ಬಿಳಿ ಪ್ಲಾಸ್ಟಿಕ್ ಚೀಲವೂ ಹಳದಿಯಾಗಿದೆ. ಚಿತ್ರದಲ್ಲಿ ಬಿಳಿ ವಸ್ತು ಒಂದಿದ್ದರೆ ಅದನ್ನು ಮೊದಲು ನೋಡಬೇಕು, ಬೆಳಕು ಎಷ್ಟು ಬಣ್ಣ ಬಳಿದಿದೆ ಅಂತ ತಿಳಿಯುತ್ತದೆ.

ಬೆನ್ನಿನ ಚುಕ್ಕೆ ಇನ್ನೊಮ್ಮೆ ನೋಡಿ. ವುಡ್ ಆದರೆ ಜೋಳದ ಕಾಳು ಚೆಲ್ಲಿದ ಹಾಗೆ ದಪ್ಪ ಚುಕ್ಕೆ. ಇಲ್ಲಿ ರವೆ ಉದುರಿಸಿದ ಹಾಗೆ ಇದೆ. ಹಾವೇರಿಯ ಮಗಳು ಹುಬ್ಬನ್ನು ಸರಿಯಾಗಿ ನೋಡಿದ್ದಾಳೆ. ನನ್ನದೂ ಗ್ರೀನ್ ಸ್ಯಾಂಡ್‌ಪೈಪರ್.

ಉಣಕಲ್ ಬೆಳಗು · ಹುಬ್ಬಳ್ಳಿ · ಜನವರಿ 3, ಬೆಳಗ್ಗೆ 9.00

ಈಗ ಎರಡನೇ ಚಿತ್ರ ಹಾಕಿದ್ದೇನೆ, ಅದೇ ಹಕ್ಕಿ ಎದ್ದು ಹಾರಿದ್ದು. ಮಸುಕಾಗಿದೆ, ಆದರೆ ರೆಕ್ಕೆಯ ಒಳಗಡೆ ಪೂರ್ತಿ ಕಪ್ಪು. ವುಡ್ ಆಗಿದ್ದರೆ ಒಳಗಡೆ ತಿಳಿ ಬಣ್ಣ ಇರುತ್ತಿತ್ತು. ಬಾಲದ ಬುಡ ಎದ್ದು ಕಾಣುವ ಬಿಳಿ. ಗ್ರೀನ್. ಎರೆಹೊಲ ಅಣ್ಣ ಹೇಳಿದ್ದೂ ನಿಜವಾಯಿತು, ಹಾರಿದಾಗ ಒಂದು ಕ್ಷಣ ಸಾಕಾಯಿತು.

ನಿಜ ಹೇಳಬೇಕೆಂದರೆ, ಈ ಮಸುಕು ಚಿತ್ರವನ್ನು ಮೊದಲಾಗಿದ್ದರೆ ಅಳಿಸುತ್ತಿದ್ದೆ.

ಹೆಗ್ಗೇರಿ · ಹಾವೇರಿ · ಜನವರಿ 3, ಸಂಜೆ 7.25

ಆ್ಯಪ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕಾರ್ನೆಲ್ ಪ್ರಯೋಗಾಲಯದವರ ಮರ್ಲಿನ್‌ಗೆ ಚಿತ್ರ ಕೊಟ್ಟರೆ ಹೆಸರು ಸೂಚಿಸುತ್ತದೆ. ನಾನೂ ಬಳಸುತ್ತೇನೆ. ಆದರೆ ಎರಡು ನಿಯಮ. ಮೊದಲು ನನ್ನ ಉತ್ತರ ಬರೆದ ಮೇಲೇ ಅದನ್ನು ಕೇಳುವುದು. ಎರಡನೆಯದು, ಚಿತ್ರ ಎಲ್ಲಿ, ಯಾವ ದಿನ ತೆಗೆದದ್ದು ಅಂತ ಸರಿಯಾಗಿ ಕೊಡುವುದು. ವಾಟ್ಸಾಪ್‌ನಲ್ಲಿ ಬಂದ ಚಿತ್ರದಲ್ಲಿ ಈ ವಿವರ ಉಳಿದಿರುವುದಿಲ್ಲ, ನಾವೇ ತುಂಬಬೇಕು. ತಪ್ಪು ಊರು ಕೊಟ್ಟರೆ ನಮ್ಮ ಕಡೆ ಇಲ್ಲದ ಹಕ್ಕಿಯ ಹೆಸರು ಬರಬಹುದು.

ಬ್ಯಾಡಗಿ ಹತ್ತಿರ ತೆಗೆದ ಒಂದು ಚಿತ್ರವನ್ನು ನಾನು ಒಂದು ಗುಂಪಿಗೆ ಹಾಕಿದ್ದೆ. ಎರಡೇ ನಿಮಿಷದಲ್ಲಿ ಹೆಸರು ಬಂತು. ಯಾಕೆ ಅಂತ ಕೇಳಿದೆ. "ಆ್ಯಪ್ ಹೇಳಿದೆ" ಅಂದರು. ಆ ಹಕ್ಕಿಯನ್ನು ಇವತ್ತು ಮತ್ತೆ ಕಂಡರೂ ನನಗೆ ಗುರುತು ಸಿಗುವುದಿಲ್ಲ. ಇಲ್ಲಿ ಗ್ರೀನ್ ಸ್ಯಾಂಡ್‌ಪೈಪರ್ ಬಗ್ಗೆ ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದೆನಲ್ಲ, ಅದು ಇನ್ನು ಮರೆಯುವುದಿಲ್ಲ.

ಎರೆಹೊಲ · ನವಲಗುಂದ · ಜನವರಿ 5, ರಾತ್ರಿ 8.00

ನಾನೂ ಒಂದು ಚಿತ್ರ ಹಾಕುತ್ತಿದ್ದೇನೆ. ಮಗನ ಫೋನಿನಲ್ಲಿ ತೆಗೆದದ್ದು, ಸಣ್ಣಗಿದೆ. ಕಡಲೆ ಹೊಲದ ಮೇಲೆ ಹೋಗುತ್ತಿದ್ದ ಸೆಳೆವ. ಕಂದು ಮೈ, ಬಾಲದ ಬುಡ ಬಿಳಿ. ಪ್ರತಿ ವರ್ಷ ಸುಗ್ಗಿ ಹೊತ್ತಿಗೆ ಬರುತ್ತವೆ, ರಾತ್ರಿ ನೆಲದ ಮೇಲೇ ಹುಲ್ಲಲ್ಲಿ ಮಲಗುತ್ತವೆ. ಸೆಳೆವ ಅಂತ ಗೊತ್ತು. ಯಾವ ಸೆಳೆವ ಅಂತ ಇಷ್ಟು ವರ್ಷವಾದರೂ ನನಗೆ ಹೇಳಲು ಬಂದಿಲ್ಲ. ಇಲ್ಲಿ ಚಿತ್ರದವರ ಸಹಾಯ ಬೇಕು.

ಉಣಕಲ್ ಬೆಳಗು · ಹುಬ್ಬಳ್ಳಿ · ಜನವರಿ 5, ರಾತ್ರಿ 8.45

ಅಣ್ಣಾ, ಚಿತ್ರ ಹಾಕಿದ್ದಕ್ಕೆ ತುಂಬಾ ಸಂತೋಷ. ಇದು ಹೆಣ್ಣು ಅಥವಾ ಮರಿ. ಪ್ಯಾಲಿಡ್ ಮತ್ತು ಮೊಂಟಾಗೂ ಎಂಬ ಎರಡು ಜಾತಿ ಸೆಳೆವಗಳ ಹೆಣ್ಣುಗಳು ಎಲ್ಲರನ್ನೂ ಕಾಡುತ್ತವೆ. ಗಂಡಾಗಿದ್ದರೆ ಸುಲಭ ಇತ್ತು. ಮೊಂಟಾಗೂ ಗಂಡಿಗೆ ರೆಕ್ಕೆಯ ಮೇಲ್ಭಾಗದಲ್ಲಿ ಅಡ್ಡ ಒಂದು ಕಪ್ಪು ಗೆರೆ ಇರುತ್ತದೆ. ಪ್ಯಾಲಿಡ್ ಗಂಡಿಗೆ ಆ ಗೆರೆ ಇಲ್ಲ, ರೆಕ್ಕೆ ತುದಿಯಲ್ಲಿ ಮಾತ್ರ ಕಿರಿದಾದ ಕಪ್ಪು.

ಹೆಣ್ಣಿನಲ್ಲಿ ಮುಖದ ಹಿಂದೆ ನೋಡಬೇಕು. ಕೆನ್ನೆಯ ಹಿಂದೆ ತಿಳಿ ಬಣ್ಣದ ಪಟ್ಟಿ ಕೊರಳಿಗೆ ಸುತ್ತಿದ ಹಾಗೆ ಸ್ಪಷ್ಟ ಇದ್ದು, ಅದರ ಹಿಂದೆ ಕುತ್ತಿಗೆ ಗಾಢ ಇದ್ದರೆ ಪ್ಯಾಲಿಡ್. ಪಟ್ಟಿ ಇಲ್ಲದಿದ್ದರೆ ಮೊಂಟಾಗೂ ಕಡೆಗೆ ಯೋಚಿಸಬಹುದು. ನಿಮ್ಮ ಚಿತ್ರದಲ್ಲಿ ತಲೆ ಅವರೆ ಕಾಳಿನಷ್ಟೂ ಇಲ್ಲ. ದೊಡ್ಡದು ಮಾಡಿದರೆ ಚೌಕ ಚೌಕ ಕಾಣುತ್ತದೆ.

ಕೆಲಗೇರಿ ಕಾಕಾ · ಧಾರವಾಡ · ಜನವರಿ 6, ಬೆಳಗ್ಗೆ 6.20

ಇದನ್ನು "ಸೆಳೆವ" ಅಂತಲೇ ಬಿಡೋಣ. ನನ್ನ ನೋಟ್‌ಬುಕ್ಕಿನಲ್ಲಿ "ಸೆಳೆವ, ಜಾತಿ ಗೊತ್ತಾಗಲಿಲ್ಲ" ಅಂತ ಬರೆದ ಸಾಲುಗಳು ಲೆಕ್ಕವಿಲ್ಲದಷ್ಟಿವೆ. ಇ-ಬರ್ಡ್ ಪಟ್ಟಿಯಲ್ಲೂ ಹಾಗೆ ಬರೆಯಲು ಅವಕಾಶ ಇದೆ. ಸುಮ್ನೆ ಒಂದು ಹೆಸರು ಹಾಕಿದರೆ ಮುಂದೆ ಆ ಪಟ್ಟಿ ಓದುವವರಿಗೆ ನವಲಗುಂದದಲ್ಲಿ ಇಲ್ಲದ್ದನ್ನು ಇದೆ ಅಂತ ಹೇಳಿದ ಹಾಗಾಗುತ್ತದೆ.

ಇನ್ನೊಂದು ವಿನಂತಿ. ಅವು ರಾತ್ರಿ ಮಲಗುವ ಜಾಗವನ್ನು ಇಲ್ಲಿ ಬರೆಯಬೇಡಿ. ಹಾಗೆಯೇ ಗೂಡಿನ ಚಿತ್ರವನ್ನು ಯಾರೂ ಅಭ್ಯಾಸಕ್ಕೆ ಹಾಕಬೇಡಿ. ಟಿಟ್ಟಿಭ ಬಯಲು ನೆಲದಲ್ಲಿ ಮೊಟ್ಟೆ ಇಡುತ್ತದೆ. ಒಬ್ಬರು ಚಿತ್ರ ಹಾಕಿದರೆ ಮರುದಿನ ಹತ್ತು ಜನ ಹೋಗುತ್ತಾರೆ.

ಎರೆಹೊಲ · ನವಲಗುಂದ · ಜನವರಿ 6, ರಾತ್ರಿ 9.10

ಆಗಲಿ ಕಾಕಾ. ಜಾಗ ಯಾರಿಗೂ ಹೇಳುವುದಿಲ್ಲ. ಗಂಡು ಕಂಡರೆ ಆ ಕಪ್ಪು ಗೆರೆ ಇದೆಯೋ ಇಲ್ಲವೋ ನೋಡುತ್ತೇನೆ. ಇಷ್ಟು ವರ್ಷ ನೋಡಿದೆ, ಎಲ್ಲಿ ನೋಡಬೇಕು ಅಂತ ಈಗ ಗೊತ್ತಾಯಿತು.

ಬೆಟಗೇರಿ ಟೀಚರ್ · ಗದಗ · ಜನವರಿ 12, ರಾತ್ರಿ 9.30

ಎಲ್ಲರಿಗೂ ಒಂದು ಸುದ್ದಿ ಹೇಳಬೇಕು.

ಶನಿವಾರ ತರಗತಿಯಲ್ಲಿ ಇದೇ ರೀತಿ ಮಾಡಿಸಿದೆ. ಗೋಡೆಯ ಮೇಲೆ ಚಿತ್ರ ಐದು ಸೆಕೆಂಡು, ಆಮೇಲೆ ಮುಚ್ಚುವುದು, ಆಮೇಲೆ ಬರೆಯುವುದು. ಹೆಸರು ಬರೆಯುವಂತಿಲ್ಲ. ನಾನು ಹಾಕಿದ್ದರಲ್ಲಿ ಒಂದು ಶಿಕ್ರ, ಗಿಡುಗ ಜಾತಿಯ ಸಣ್ಣ ಬೇಟೆ ಹಕ್ಕಿ. ಬೂದು ಬೆನ್ನು, ಹಳದಿ ಕಣ್ಣು, ಬಾಲಕ್ಕೆ ಪಟ್ಟೆ. ಹೋದ ವರ್ಷ ನಮ್ಮ ಶಾಲೆಯ ಬೇವಿನ ಮರದಲ್ಲಿ ಕಂಡ ಹಕ್ಕಿಯದು, ನಾನೇ ತೆಗೆದದ್ದು. ಅದರ ಹೆಸರು ನಮ್ಮ ಸೂಚನಾ ಫಲಕದಲ್ಲಿ ಇವತ್ತಿಗೂ ಇದೆ.

ಎಂಟನೇ ತರಗತಿಯ ಒಬ್ಬ ಹುಡುಗ ಬರೆದಿದ್ದ: "ಕೊಕ್ಕು ಕೊಂಡಿಯ ಹಾಗಿಲ್ಲ. ತುದಿ ಸ್ವಲ್ಪ ಮಾತ್ರ ಬಾಗಿದೆ. ಕೋಗಿಲೆಯದರ ಹಾಗಿದೆ."

ನಾನು ಚಿತ್ರ ಮತ್ತೆ ತೆಗೆದು ನೋಡಿದೆ. ಅವನು ಬರೆದದ್ದೇ ಸರಿ. ಶಿಕ್ರದ ಹಾಗೇ ಕಾಣುವ ಕೋಗಿಲೆ ಜಾತಿಯ ಹಕ್ಕಿ, ಇಂಗ್ಲಿಷಿನಲ್ಲಿ ಹಾಕ್-ಕುಕೂ ಅನ್ನುತ್ತಾರಲ್ಲ, ಅದು. ಒಂದು ವರ್ಷ ಆ ಚಿತ್ರ ನನ್ನ ಫೋನಿನಲ್ಲಿತ್ತು. ಬಣ್ಣ ನೋಡಿದ್ದೆ, ಪಟ್ಟೆ ನೋಡಿದ್ದೆ, ಕೊಕ್ಕು ನೋಡಿರಲಿಲ್ಲ. ಫಲಕದ ಹೆಸರನ್ನು ಸೋಮವಾರ ಅವನ ಕೈಯಲ್ಲೇ ತಿದ್ದಿಸುತ್ತೇನೆ.

ಕೆಲಗೇರಿ ಕಾಕಾ · ಧಾರವಾಡ · ಜನವರಿ 13, ಬೆಳಗ್ಗೆ 6.00

ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ನೋಟ್‌ಬುಕ್ ಕಳಿಸುತ್ತೇನೆ ಅಕ್ಕೋರೇ. ಗೆರೆ ಇಲ್ಲದ್ದು, ಚಿತ್ರ ಬರೆಯಲು ಆಗುವಂಥದ್ದು. ಆ ಹಕ್ಕಿ ಹಾರುವುದೂ ಶಿಕ್ರದ ಹಾಗೇ, ಸಣ್ಣ ಹಕ್ಕಿಗಳೇ ಮೋಸ ಹೋಗಿ ಗಾಬರಿ ಬೀಳುತ್ತವೆ. ಮಳೆಗಾಲದ ಮುಂಚೆ ಒಂದೇ ಕೂಗನ್ನು ಏರಿಸಿ ಏರಿಸಿ ಕೂಗುತ್ತದೆ, ಆಗ ಬೇವಿನ ಮರದ ಕಡೆ ಕಿವಿ ಇಡಲು ಹೇಳಿ.

ಉಣಕಲ್ ಬೆಳಗು · ಹುಬ್ಬಳ್ಳಿ · ಜನವರಿ 13, ರಾತ್ರಿ 8.15

ರವಿವಾರ ಮೂರು ಚಿತ್ರ ಹಾಕುತ್ತೇನೆ. ಮೂರೂ ಬಾತು, ಮೂರೂ ಹೆಣ್ಣು, ಮೂರೂ ದೂರ. ಟೀಚರ್, ಮಾಗಡಿಯಲ್ಲಿ ನಿಮಗೆ ಬೆನ್ನು ತೋರಿಸಿದವು ಇವೇ ಇರಬಹುದು. ಹೆಗ್ಗೇರಿ, ನಿನ್ನ ರಟ್ಟಿನ ತುಂಡು ಇಲ್ಲಿ ಬೇಕಾಗುವುದಿಲ್ಲ, ಹೆಸರು ಕೊಡುವುದಿಲ್ಲ. ಎರೆಹೊಲ ಅಣ್ಣನಿಗಾಗಿ ಅವು ನೀರಿನಿಂದ ಏಳುವ ಒಂದು ಸಣ್ಣ ವೀಡಿಯೊ ಕೂಡ ಇದೆ, ಅದನ್ನು ಮಂಗಳವಾರ ಹಾಕುತ್ತೇನೆ. ಅಲ್ಲಿಯ ತನಕ ಕೊಕ್ಕಿನ ಬಗ್ಗೆ ಬರೆಯಿರಿ.